ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂದ್ರೆ ಕೋಡ್ ಬರೆಯುವವರಿಗೆ ನಿಜವಾಗಿ ಏನು?

ಕೋಡುಬಳೆ_ಕೋಡರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಜಾವಾ, ಸ್ಪ್ರಿಂಗ್ ಬೂಟ್ ಕೆಲಸ ಮಾಡುವವನು. ಮೊದಲು ಸಣ್ಣ ಕಂಪನಿಯಲ್ಲಿದ್ದೆ, ಈಗ ಒಂದು ದೊಡ್ಡ ಇನ್ಶೂರೆನ್ಸ್ ಕಂಪನಿಯ ಐಟಿ ವಿಭಾಗದಲ್ಲಿದ್ದೇನೆ. ಇಲ್ಲಿ ಇಡೀ ಕಂಪನಿಯ ಸಿಸ್ಟಮ್‌ಗಳು ಒಟ್ಟಿಗೆ ಹೇಗಿರಬೇಕು ಅಂತ ನೋಡುವ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ (ಇಎ) ಅಂತ ಒಂದು ತಂಡ ಇದೆ. ಅವರು ಕೋಡ್ ಬರೆಯುವುದಿಲ್ಲ. ಆದರೆ ನಾವು ಏನೇ ಹೊಸದು ಮಾಡಬೇಕಾದರೂ ಅವರ ರಿವ್ಯೂ ಬೋರ್ಡ್ ಮುಂದೆ ಹೋಗಿ ನಿಲ್ಲಬೇಕು.

ಕ್ಲೇಮ್ ಎಲ್ಲಿಗೆ ಬಂತು ಅಂತ ಗ್ರಾಹಕರಿಗೆ ತೋರಿಸುವ ಒಂದು ಸಣ್ಣ ಸರ್ವಿಸ್ ಮಾಡೋಣ ಅಂತ ಹೊರಟೆವು. ಮೊಂಗೋಡಿಬಿ ಡೇಟಾಬೇಸ್ ಬಳಸುತ್ತೇವೆ, ಗ್ರಾಹಕರ ಹೆಸರು, ಫೋನ್ ನಂಬರ್, ಪಾಲಿಸಿ ವಿವರ ಎಲ್ಲ ಅದರಲ್ಲೇ ಇಟ್ಟುಕೊಳ್ಳುತ್ತೇವೆ, ಪೇಜ್ ಬೇಗ ಲೋಡ್ ಆಗುತ್ತೆ ಅಂದೆವು. ಬೋರ್ಡ್ ಒಪ್ಪಲಿಲ್ಲ. ಕಾರಣ ಅಂತ ಬಂದದ್ದು ಎರಡು ಸಾಲು: ಟಾರ್ಗೆಟ್ ಆರ್ಕಿಟೆಕ್ಚರ್‌ಗೆ ಹೊಂದುವುದಿಲ್ಲ, ಕೇಪಬಿಲಿಟಿ ಡುಪ್ಲಿಕೇಟ್ ಆಗುತ್ತದೆ. ಅದರ ಜೊತೆಗೆ ಒಂದು ದೊಡ್ಡ ಎಕ್ಸೆಲ್ ಶೀಟ್ ಬೇರೆ. ನಿಮ್ಮ ತಂಡದ ಎಲ್ಲ ಅಪ್ಲಿಕೇಶನ್‌ಗಳ ವಿವರ ತುಂಬಿಸಿ ಕಳಿಸಿ ಅಂತ.

ಇಎ ಕೆಲಸ ಹೇಗೆ ಮಾಡಬೇಕು ಅಂತ ಹೇಳುವ ಟೋಗಾಫ್ ಚೌಕಟ್ಟು ಓದೋಣ ಅಂತ ಕೂತೆ. ನಿದ್ದೆ ಬಂತು, ಅರ್ಥ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಕೇಪಬಿಲಿಟಿ, ಟಾರ್ಗೆಟ್ ಆರ್ಕಿಟೆಕ್ಚರ್, ಪೋರ್ಟ್‌ಫೋಲಿಯೊ ಅನ್ನುವುದೆಲ್ಲ ದಿನಾ ಕೋಡ್ ಬರೆಯುವ ನನಗೆ ಎಲ್ಲಿ ತಾಗುತ್ತದೆ? ನನ್ನ ತಂಡದ ಜೂನಿಯರ್‌ಗಳೂ ಇದನ್ನೇ ಕೇಳುತ್ತಿದ್ದಾರೆ. ಒಂದು ವಿನಂತಿ: ಮನೆ ಕಟ್ಟುವ ಇಂಜಿನಿಯರ್ ಬೇರೆ, ಊರಿಗೆ ಪ್ಲಾನ್ ಹಾಕುವವರು ಬೇರೆ ಅನ್ನುವ ಹೋಲಿಕೆ ದಯವಿಟ್ಟು ಬೇಡ. ಎಲ್ಲ ಕಡೆ ಅದನ್ನೇ ಓದಿದ್ದೇನೆ, ಅದರಿಂದ ನನ್ನ ಪುಲ್ ರಿಕ್ವೆಸ್ಟ್‌ಗೆ ಏನೂ ಪ್ರಯೋಜನ ಆಗಿಲ್ಲ.

---

ಹಳೇ_ಮಾನಿಟರ್:

ಹೋಲಿಕೆ ಬೇಡ ಅಂದಿರಲ್ಲ, ಒಳ್ಳೇದಾಯ್ತು. ನಮ್ಮ ರಾಜ್ಯದ್ದೇ ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಜಮೀನಿನ ದಾಖಲೆ ತಗೊಳ್ಳಿ. ಕಂದಾಯ ಇಲಾಖೆ 2000ದ ಹೊತ್ತಿಗೆ ಭೂಮಿ ತಂತ್ರಾಂಶ ತಂದಿತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ದಾಖಲೆ ಕಂಪ್ಯೂಟರ್‌ಗೆ ಬಂತು. ಕೈಬರಹದ ಪಹಣಿ ನಿಂತುಹೋಯಿತು. ಇನ್ನೊಂದು ಕಡೆ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಕ್ರಯಪತ್ರ ನೋಂದಣಿಗೆ ಕಾವೇರಿ ಮಾಡಿಕೊಂಡಿತು. ಸರ್ವೆ ಇಲಾಖೆಗೆ ಮೋಜಿಣಿ. ಪಂಚಾಯಿತಿ ಆಸ್ತಿಗೆ ಇ-ಸ್ವತ್ತು. ಒಂದೊಂದೂ ಬೇರೆ ಇಲಾಖೆಯ ಕೆಲಸಕ್ಕೆ ಅಂತ ಮಾಡಿದ್ದು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಡೆವಲಪರ್‌ಗಳು ಕೇಳಿದ್ದನ್ನು ಮಾಡಿಕೊಟ್ಟಿದ್ದಾರೆ, ತಪ್ಪೇನಿಲ್ಲ.

ಆದರೆ ಒಬ್ಬ ರೈತನಿಗೆ ಬೇಕಾಗಿರುವುದು ಭೂಮಿಯೂ ಅಲ್ಲ, ಕಾವೇರಿಯೂ ಅಲ್ಲ. ಅವನಿಗೆ ಬೇಕಾಗಿರುವುದು ಜಮೀನು ತಗೊಂಡ ಮೇಲೆ ಪಹಣಿಯಲ್ಲಿ ತನ್ನ ಹೆಸರು ಬರುವುದು. ಎರಡೂ ವ್ಯವಸ್ಥೆ ಬೇರೆ ಬೇರೆ ಇದ್ದಾಗ ಏನಾಗುತ್ತಿತ್ತು? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುತ್ತಿತ್ತು. ಮಾರುವವರ ಹೆಸರು ಪಹಣಿಯಲ್ಲಿ ಇದೆಯಾ ಅಂತ ಆ ಸಿಸ್ಟಮ್‌ಗೆ ಗೊತ್ತಿರಲಿಲ್ಲ. ಯಾರದೋ ಜಮೀನನ್ನು ಇನ್ಯಾರೋ ಮಾರಿದರೂ ಸಿಸ್ಟಮ್ ತಡೆಯುತ್ತಿರಲಿಲ್ಲ. ನೋಂದಣಿ ಆದ ಮೇಲೂ ತಾಲ್ಲೂಕು ಕಚೇರಿಗೆ ಅಲೆದು ಖಾತೆ ಬದಲಾವಣೆ ಮಾಡಿಸಿಕೊಳ್ಳಬೇಕಿತ್ತು.

ಮುಂದೆ ಎರಡನ್ನೂ ಜೋಡಿಸಿದರು. ಈಗ ಕೃಷಿ ಜಮೀನಿನ ನೋಂದಣಿಗೆ ಮಾಲೀಕರ ವಿವರ ಭೂಮಿಯಿಂದ ಬರುತ್ತದೆ. ನೋಂದಣಿ ಮುಗಿದ ಕೂಡಲೇ ಅದರ ವಿವರ ಇರುವ ಜೆ ಸ್ಲಿಪ್ ಭೂಮಿ ಕಡೆಗೆ ಹೋಗಿ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ, ಶುರುವಾಗುತ್ತದೆ. ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಮಾರುವುದಾದರೆ ಸರ್ವೆ ಕಡೆಯಿಂದ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಆಗಿರಬೇಕು.

ಈಗ ನಿಮ್ಮ ಬೋರ್ಡ್ ಹೇಳುವ ಮಾತುಗಳನ್ನು ಇದರ ಮೇಲೆ ಇಟ್ಟು ನೋಡಿ.

ಕೇಪಬಿಲಿಟಿ ಅಂದರೆ ಸಂಸ್ಥೆ ಮಾಡಲೇಬೇಕಾದ ಒಂದು ಕೆಲಸ. ಸಾಫ್ಟ್‌ವೇರ್ ಇರಲಿ, ಬಿಡಲಿ. "ಜಮೀನಿನ ಹಕ್ಕು ವರ್ಗಾಯಿಸುವುದು" ಒಂದು ಕೇಪಬಿಲಿಟಿ. ಕೈಬರಹದ ಕಾಲದಲ್ಲೂ ಇತ್ತು, ನಾಳೆ ಭೂಮಿ ಹೋಗಿ ಬೇರೆ ಏನೋ ಬಂದರೂ ಇರುತ್ತದೆ. ಅಪ್ಲಿಕೇಶನ್ ಬದಲಾಗುತ್ತಾ ಹೋಗುತ್ತದೆ, ಕೇಪಬಿಲಿಟಿ ಹಾಗೇ ನಿಂತಿರುತ್ತದೆ. ಇಎ ತಂಡ ತನ್ನ ನಕ್ಷೆಯನ್ನು (ಕೇಪಬಿಲಿಟಿ ಮ್ಯಾಪ್) ಅಪ್ಲಿಕೇಶನ್ ಹೆಸರಿನಲ್ಲಿ ಬರೆಯದೆ ಕೇಪಬಿಲಿಟಿ ಹೆಸರಿನಲ್ಲಿ ಬರೆಯುವುದು ಅದಕ್ಕೇ.

ಡೇಟಾ ಆರ್ಕಿಟೆಕ್ಚರ್ ಅಂದರೆ ಯಾವ ಸಂಗತಿಗೆ ಯಾವ ಸಿಸ್ಟಮ್ ಮಾಲೀಕ ಅನ್ನುವ ಒಪ್ಪಂದ. ಕೃಷಿ ಜಮೀನು ಯಾರ ಹೆಸರಲ್ಲಿದೆ ಅನ್ನುವುದಕ್ಕೆ ಭೂಮಿ. ಕ್ರಯಪತ್ರಕ್ಕೆ ಕಾವೇರಿ. ಗಡಿ, ಅಳತೆಗೆ ಮೋಜಿಣಿ. ಬೇರೆಯವರು ಓದಬಹುದು, ಕಾಪಿಯನ್ನೂ ಇಟ್ಟುಕೊಳ್ಳಬಹುದು, ಆದರೆ ತಮ್ಮಲ್ಲೇ ತಿದ್ದುವ ಹಾಗಿಲ್ಲ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಡೆವಲಪರ್‌ಗೆ ಅತೀ ಮುಖ್ಯವಾದದ್ದು ಇದೊಂದೇ. ಉಳಿದದ್ದು ಮರೆತರೂ ನಡೆಯುತ್ತದೆ.

ಅಪ್ಲಿಕೇಶನ್ ಆರ್ಕಿಟೆಕ್ಚರ್ ಅಂದರೆ ಇವುಗಳ ನಡುವಿನ ಕೊಂಡಿಗಳು. ಯಾರು ಯಾರಿಗೆ ಎಪಿಐ (ಒಂದು ಸಿಸ್ಟಮ್ ಇನ್ನೊಂದನ್ನು ನೇರವಾಗಿ ಕೇಳುವ ದಾರಿ) ಕೊಡುತ್ತಾರೆ, ಜೆ ಸ್ಲಿಪ್ ಮಧ್ಯದಲ್ಲಿ ಕಳೆದುಹೋದರೆ ಯಾರಿಗೆ ಗೊತ್ತಾಗುತ್ತದೆ, ಇಂಥದ್ದು. ಟೆಕ್ನಾಲಜಿ ಆರ್ಕಿಟೆಕ್ಚರ್ ಕೊನೆಗೆ ಬರುತ್ತದೆ. ಸರ್ವರ್, ಡೇಟಾಬೇಸ್, ನೆಟ್‌ವರ್ಕ್. ಇವೆಲ್ಲ ಮುಂದೆ ಹೇಗಿರಬೇಕು ಅಂತ ಬರೆದಿಟ್ಟದ್ದೇ ಟಾರ್ಗೆಟ್ ಆರ್ಕಿಟೆಕ್ಚರ್.

ನಿಮ್ಮ ಮೊಂಗೋಡಿಬಿ ಟೆಕ್ನಾಲಜಿ ಅನ್ನುವ ಕೊನೇ ಪದರದ್ದು. ಬೋರ್ಡ್ ಬೇಡ ಅಂದದ್ದು ಅದಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಗ್ರಾಹಕರ ಹೆಸರು, ಫೋನ್ ನಂಬರ್ ನಿಮ್ಮ ಹತ್ತಿರ ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತೇವೆ ಅಂದಿರಲ್ಲ, ಅದಕ್ಕೆ ಇರಬೇಕು. ಗ್ರಾಹಕ ಶಾಖೆಗೆ ಹೋಗಿ ನಂಬರ್ ಬದಲಾಯಿಸಿದ, ನಿಮ್ಮ ಸರ್ವಿಸ್ ಹಳೇ ನಂಬರಿಗೆ ಕ್ಲೇಮ್ ವಿವರದ ಎಸ್ಸೆಮ್ಮೆಸ್ ಕಳಿಸಿತು. ಆ ನಂಬರ್ ಈಗ ಬೇರೆ ಯಾರದೋ. ಯಾರ ತಲೆ ಮೇಲೆ ಬರುತ್ತದೆ ಹೇಳಿ? ಬೋರ್ಡ್ ಇದನ್ನೇ ಸರಳವಾಗಿ ಬರೆಯಬಹುದಿತ್ತು, "ಕೇಪಬಿಲಿಟಿ ಡುಪ್ಲಿಕೇಟ್" ಅಂತ ಬರೆದರು. ಅದು ಅವರ ಚಾಳಿ.

---

ಬೆಣ್ಣೆದೋಸೆ_ಬಗ್:

ಹಳೇ ಮಾನಿಟರ್ ಸರ್, ಉದಾಹರಣೆ ಚೆನ್ನಾಗಿದೆ, ಆದರೆ ನಾನು ಪೂರ್ತಿ ಒಪ್ಪಲ್ಲ. ಭೂಮಿ, ಕಾವೇರಿ ಜೋಡಣೆ ಆದದ್ದು ಯಾರೋ ಕೇಪಬಿಲಿಟಿ ಮ್ಯಾಪ್ ಬಿಡಿಸಿದ್ದಕ್ಕಾ? ಜನ ಅಲೆದು ಸಾಕಾಗಿತ್ತು, ಮೋಸದ ನೋಂದಣಿ ಆಗುತ್ತಿತ್ತು, ಸರ್ಕಾರ ಮನಸ್ಸು ಮಾಡಿತು, ಆಯಿತು. ಅಧಿಕಾರ ಇದ್ದವರು ಹೇಳಿದರೆ ಸಿಸ್ಟಮ್‌ಗಳು ಜೋಡಣೆ ಆಗುತ್ತವೆ. ಅಧಿಕಾರ ಇಲ್ಲದ ಇಎ ತಂಡ ಎಷ್ಟು ಪಿಪಿಟಿ ಮಾಡಿದರೂ ಏನೂ ಆಗಲ್ಲ.

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿಬಿಟ್ಟಿದ್ದಾರೆ, ಸಂಸ್ಥೆಯೊಳಗೆ ಮಾತುಕತೆ ಹೇಗೆ ನಡೆಯುತ್ತದೋ ಸಿಸ್ಟಮ್‌ನ ವಿನ್ಯಾಸವೂ ಹಾಗೇ ಬರುತ್ತದೆ ಅಂತ. ನಾಲ್ಕು ಇಲಾಖೆ ಇದ್ದರೆ ನಾಲ್ಕು ತಂತ್ರಾಂಶ. ಡಬ್ಬಿ, ಬಾಣದ ಗುರುತು ಬರೆಯುತ್ತಾ ಕೂತರೆ ಇದು ಬದಲಾಗಲ್ಲ, ತಂಡಗಳನ್ನು ಬದಲಾಯಿಸಬೇಕು.

ಇನ್ನು ರಿವ್ಯೂ ಬೋರ್ಡ್ ವಿಷಯ. ನಾನು ಹಿಂದೆ ಇದ್ದ ಒಂದು ಕಡೆ ಬೋರ್ಡ್ ತಿಂಗಳಿಗೊಮ್ಮೆ ಸೇರುತ್ತಿತ್ತು. ನಾವು ದಿನಾ ಡಿಪ್ಲಾಯ್ ಮಾಡುತ್ತಿದ್ದೆವು. ಒಂದು ಕ್ಯಾಶ್ ಲೈಬ್ರರಿ ಬದಲಾಯಿಸಲಿಕ್ಕೂ ಮೂವತ್ತು ಸ್ಲೈಡ್ ಕೇಳುತ್ತಿದ್ದರು. ಕೊನೆಗೆ ಏನಾಯಿತು ಅಂದರೆ ಎಲ್ಲ ತಂಡಗಳೂ ಬೋರ್ಡ್‌ಗೆ ಹೇಳದೇ ಮಾಡುವುದನ್ನು ಕಲಿತವು. ಪ್ರೊಡಕ್ಷನ್‌ನಲ್ಲಿ ಇರುವುದೇ ಒಂದು, ಅವರ ಚಿತ್ರದಲ್ಲಿ ಇರುವುದೇ ಇನ್ನೊಂದು.

ನನ್ನ ಅಭಿಪ್ರಾಯ: ಹಿಂದಕ್ಕೆ ಬರಲು ಕಷ್ಟವಾದ ನಿರ್ಧಾರ ಮಾತ್ರ ಬೋರ್ಡ್‌ಗೆ ಹೋಗಲಿ. ಗ್ರಾಹಕರ ಡೇಟಾ ಹೊಸ ಜಾಗದಲ್ಲಿ ಇಡುವುದು, ಹೊರಗಿನವರಿಗೆ ಎಪಿಐ ತೆರೆಯುವುದು, ವರ್ಷಗಟ್ಟಲೆ ಲೈಸೆನ್ಸ್ ಒಪ್ಪಂದ, ಇಷ್ಟು ಸಾಕು. ಉಳಿದದ್ದನ್ನು ತಂಡವೇ ತೀರ್ಮಾನ ಮಾಡಿ ಎಡಿಆರ್ (ಆರ್ಕಿಟೆಕ್ಚರ್ ತೀರ್ಮಾನದ ದಾಖಲೆ) ಬರೆದು ಗಿಟ್‌ನಲ್ಲಿ ಇಡಲಿ. ಸಾಫ್ಟ್‌ವೇರ್ ಲೇಖಕ ಮೈಕೆಲ್ ನೈಗಾರ್ಡ್ 2011ರಲ್ಲಿ ಬರೆದ ಪದ್ಧತಿ ಅದು: ಸಂದರ್ಭ ಏನು, ಏನು ತೀರ್ಮಾನ ಮಾಡಿದೆವು, ಅದರಿಂದ ಏನಾಗುತ್ತದೆ. ಒಂದು ಪುಟ. ಬೇಕಾದವರು ಓದಿಕೊಳ್ಳುತ್ತಾರೆ.

---

ಹಳೇ_ಮಾನಿಟರ್:

ಅಧಿಕಾರ ಬೇಕು ಅನ್ನುವುದು ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಧಿಕಾರ ಇದ್ದವರು ಮನಸ್ಸು ಮಾಡಿದ ದಿನ, ಯಾವ ಸಿಸ್ಟಮ್‌ನಿಂದ ಯಾವ ಫೀಲ್ಡ್ ಎಲ್ಲಿಗೆ ಹೋಗಬೇಕು, ಎರಡರಲ್ಲೂ ಹೆಸರು ಬೇರೆ ಬೇರೆ ಇದ್ದರೆ ಯಾರದ್ದು ಸರಿ ಅಂತ ಯಾರೋ ಕೂತು ಬರೆಯಲೇಬೇಕಲ್ವಾ? ಪಹಣಿಯಲ್ಲಿ "ರಾಮಯ್ಯ ಬಿನ್ ತಿಮ್ಮಯ್ಯ", ಆಧಾರ್‌ನಲ್ಲಿ "ರಾಮಯ್ಯ ಟಿ". ಎರಡೂ ಒಬ್ಬರೇನಾ? ಕರ್ನಾಟಕದ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್ ಮಾಡುವುದು ಅದೇ ಕೆಲಸ. ರೈತರಿಗೆ ಒಂದು ಎಫ್‌ಐಡಿ (ಗುರುತಿನ ಸಂಖ್ಯೆ), ಅದಕ್ಕೆ ಆಧಾರ್, ಅದಕ್ಕೆ ಸರ್ವೆ ನಂಬರ್‌ಗಳ ಜೋಡಣೆ. ಕೃಷಿ, ತೋಟಗಾರಿಕೆ, ರೇಷ್ಮೆ ಅಂತ ಒಂದೊಂದು ಇಲಾಖೆಯೂ ತನ್ನದೇ ರೈತರ ಪಟ್ಟಿ ಇಟ್ಟುಕೊಳ್ಳುವ ಬದಲು ಒಂದೇ ಕಡೆ ನೋಡುತ್ತವೆ. ನೀವು ಅದನ್ನು ಇಎ ಅಂತ ಕರೆಯಿರಿ, ಬಿಡಿ. ಕೆಲಸ ಅದೇ.

ಬೋರ್ಡ್ ಬಗ್ಗೆ ನೀವು ಹೇಳಿದ್ದಕ್ಕೆ ಮಾತ್ರ ಸಹಿ ಹಾಕುತ್ತೇನೆ. ಕ್ಯಾಶ್ ಲೈಬ್ರರಿಗೆ ಮೂವತ್ತು ಸ್ಲೈಡ್ ಕೇಳುವವರಿಗೆ ಬೇರೆ ಕೆಲಸ ಇಲ್ಲ ಅಂತಲೇ ಅರ್ಥ.

---

ಬ್ಯಾಚ್‌ಜಾಬ್_ಬಳಗ:

ಎಕ್ಸೆಲ್ ಶೀಟ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಬ್ಯಾಂಕ್ ಕಡೆಯವಳು. ಆ ಶೀಟ್ ನೋಡಿದರೆ ಎಲ್ಲರಿಗೂ ಮೈ ಉರಿಯುತ್ತದೆ, ನನಗೂ ಉರಿಯುತ್ತಿತ್ತು.

2021ರ ಡಿಸೆಂಬರ್ ನೆನಪಿದೆಯಾ? ಜಾವಾ ಅಪ್ಲಿಕೇಶನ್‌ಗಳು ಲಾಗ್ ಬರೆಯಲು ಬಳಸುವ ಲಾಗ್‌ಫೋರ್‌ಜೆ ಲೈಬ್ರರಿಯ ತೊಂದರೆ ಹೊರಗೆ ಬಂದ ವಾರ. ಒಂದು ಲಾಗ್ ಸಾಲಿನ ಮೂಲಕ ಹೊರಗಿನವರು ನಮ್ಮ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಿತ್ತು. ಪ್ಯಾಚ್ ಹಾಕುವುದು ಸುಲಭದ ಭಾಗ. ಕಷ್ಟ ಇದ್ದದ್ದು "ನಮ್ಮಲ್ಲಿ ಇದು ಎಲ್ಲೆಲ್ಲಿ ಇದೆ" ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವುದು. ಯಾರೋ ವರ್ಷಗಳ ಹಿಂದೆ ಬರೆದು ಬಿಟ್ಟುಹೋದ ರಿಪೋರ್ಟ್ ಟೂಲ್, ವೆಂಡರ್ ಕೊಟ್ಟ ಪೆಟ್ಟಿಗೆಯೊಳಗೆ ಏನಿದೆ ಅಂತ ಗೊತ್ತಿಲ್ಲದ ಸಾಫ್ಟ್‌ವೇರ್. ಪಟ್ಟಿ ಇದ್ದ ಕಡೆ ಜನ ಪಟ್ಟಿ ನೋಡಿ ಫೋನ್ ಮಾಡಿದರು. ಪಟ್ಟಿ ಇಲ್ಲದ ಕಡೆ ಎಲ್ಲರೂ ಸರ್ವರ್ ಸರ್ವರ್‌ಗೂ ಲಾಗಿನ್ ಆಗಿ ಹುಡುಕುತ್ತಾ ಕೂತರು.

ಆ ಶೀಟ್ ಅಂದರೆ ಆ ಪಟ್ಟಿ. ಅಪ್ಲಿಕೇಶನ್ ಪೋರ್ಟ್‌ಫೋಲಿಯೊ ಅಂತ ದೊಡ್ಡ ಹೆಸರು ಅಷ್ಟೇ.

ಇನ್ನೊಂದು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು, ಪಾವತಿ ವ್ಯವಸ್ಥೆಯ ಡೇಟಾ ಭಾರತದಲ್ಲೇ ಇರಬೇಕು, ಆರು ತಿಂಗಳು ಟೈಮ್ ಅಂತ. ಆ ಹೊತ್ತಿಗೆ ಪಾವತಿ ಡೇಟಾ ಯಾವ ಯಾವ ಸಿಸ್ಟಮ್‌ನಲ್ಲಿದೆ, ಯಾವುದರ ಬ್ಯಾಕಪ್ ಎಲ್ಲಿಗೆ ಹೋಗುತ್ತಿದೆ ಅಂತ ತಿಳಿದುಕೊಳ್ಳುವುದರಲ್ಲೇ ಅರ್ಧ ಟೈಮ್ ಹೋಗಬಹುದು. ಈಗ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ. ನನ್ನ ವಿವರ ತಿದ್ದಿ, ಅಳಿಸಿ ಅಂತ ಕೇಳುವ ಹಕ್ಕನ್ನು ಅದು ಗ್ರಾಹಕರಿಗೆ ಕೊಡುತ್ತದೆ. ಕೋಡುಬಳೆಯವರೇ, ನಿಮ್ಮ ಸರ್ವಿಸ್‌ನಲ್ಲಿ ಫೋನ್ ನಂಬರಿನ ಇನ್ನೊಂದು ಪ್ರತಿ ಇದ್ದರೆ ಅಲ್ಲಿಯೂ ತಿದ್ದಬೇಕು, ಅಲ್ಲಿಯೂ ಅಳಿಸಬೇಕು. ಆ ಪ್ರತಿ ಇದೆ ಅಂತ ಗೊತ್ತಿರುವುದು ನಿಮ್ಮ ತಂಡಕ್ಕೆ ಮಾತ್ರ. ನೀವು ಕೆಲಸ ಬಿಟ್ಟ ಮೇಲೆ ಯಾರಿಗೂ ಗೊತ್ತಿಲ್ಲ.

ಶೀಟ್‌ನಲ್ಲಿ ಟಾಲರೇಟ್, ಇನ್ವೆಸ್ಟ್, ಮೈಗ್ರೇಟ್, ಎಲಿಮಿನೇಟ್ ಅಂತ ಒಂದು ಕಾಲಂ ಇರುತ್ತದೆ ನೋಡಿ. ಐಟಿ ಸಲಹಾ ಸಂಸ್ಥೆ ಗಾರ್ಟ್ನರ್‌ನವರ ವಿಂಗಡಣೆ ಅದು. ಡೆವಲಪರ್‌ಗೆ ನೇರವಾಗಿ ತಾಗುವ ಕಾಲಂ ಇದೇ. ನೀವು ಕೆಲಸ ಮಾಡುತ್ತಿರುವ ಅಪ್ಲಿಕೇಶನ್ ಎದುರು ಎಲಿಮಿನೇಟ್ ಅಂತ ಇದ್ದರೆ ಅದರಲ್ಲಿ ದೊಡ್ಡ ರೀಫ್ಯಾಕ್ಟರಿಂಗ್ ಶುರು ಮಾಡಬೇಡಿ, ಹೊಸ ಎಪಿಐ ಅದರ ಮೇಲೆ ಕಟ್ಟಬೇಡಿ. ಟಾಲರೇಟ್ ಅಂದರೆ ಓಡುತ್ತಿರಲಿ, ದುಡ್ಡು ಹಾಕುವುದಿಲ್ಲ ಅಂತ. ಇನ್ವೆಸ್ಟ್ ಅಂದರೆ ಹೊಸ ಕೆಲಸ ಇಲ್ಲಿಗೆ ತನ್ನಿ. ಮೈಗ್ರೇಟ್ ಅಂದರೆ ಕೆಲಸಕ್ಕೆ ಬೇಕು, ಆದರೆ ಕೂತಿರುವ ಜಾಗ ಸರಿ ಇಲ್ಲ. ವಿಂಡೋಸ್ ಸರ್ವರ್ 2012ಕ್ಕೆ 2023ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಾಗ ಎಷ್ಟೋ ಅಪ್ಲಿಕೇಶನ್‌ಗಳು ಈ ಕಾಲಂಗೆ ಬಂದು ಬಿದ್ದಿರಬೇಕು.

ಬೋರ್ಡ್ ಈ ಕಾಲಂ ಅನ್ನು ಡೆವಲಪರ್‌ಗಳಿಗೆ ತೋರಿಸುವುದೇ ಇಲ್ಲ ಅಂದರೆ ಮಾತ್ರ ಜಗಳ ಮಾಡಿ. ನಾಳೆ ಮುಚ್ಚುವ ಸಿಸ್ಟಮ್‌ಗೆ ಇವತ್ತು ರಾತ್ರಿ ಕೂತು ಟೆಸ್ಟ್ ಬರೆಯುವವರ ಪಾಡು ನನಗೆ ಗೊತ್ತು.

---

ಫ್ರೆಶರ್_ಹುಬ್ಬಳ್ಳಿ:

ಮಧ್ಯದಲ್ಲಿ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಟೋಗಾಫ್ ಸರ್ಟಿಫಿಕೇಟ್ ಮಾಡಿಕೊಂಡರೆ ಆರ್ಕಿಟೆಕ್ಟ್ ಆಗಬಹುದಾ? ನನ್ನ ಮ್ಯಾನೇಜರ್ ಮಾಡು ಅಂತಿದ್ದಾರೆ. ಝಾಕ್‌ಮನ್ ಅಂತ ಇನ್ನೊಂದು ಇದೆಯಂತೆ, ಯಾವುದು ಓದಬೇಕು?

---

ಹಳೇ_ಮಾನಿಟರ್:

ತಮ್ಮಾ, ಈಗಲೇ ಬೇಡ. ಕಂಪನಿ ಫೀಸ್ ಕಟ್ಟುವುದಾದರೆ ಮಾಡು, ನಷ್ಟ ಇಲ್ಲ. ನಿನ್ನ ಜೇಬಿನಿಂದ ಬೇಡ.

ಜಾನ್ ಝಾಕ್‌ಮನ್ 1987ರಲ್ಲಿ ಐಬಿಎಂನ ಜರ್ನಲ್‌ನಲ್ಲಿ ಬರೆದ ಲೇಖನದಿಂದ ಈ ಮಾತೆಲ್ಲ ಜೋರಾಗಿ ಶುರುವಾಯಿತು. ಅದು ಒಂದು ದೊಡ್ಡ ಕೋಷ್ಟಕ. ಅಡ್ಡಕ್ಕೆ ಮೊದಲು ಏನು, ಹೇಗೆ, ಎಲ್ಲಿ ಅಷ್ಟೇ ಇತ್ತು, ಯಾರು, ಯಾವಾಗ, ಏಕೆ ಆಮೇಲೆ ಸೇರಿದವು. ಉದ್ದಕ್ಕೆ ಯಾರ ಕಣ್ಣಿನಿಂದ ನೋಡುತ್ತಿದ್ದೀರಿ ಅನ್ನುವುದು. ಏನನ್ನು ಬರೆದಿಡಬೇಕು ಅಂತ ಹೇಳುತ್ತದೆ, ಹೇಗೆ ಕೆಲಸ ಮಾಡಬೇಕು ಅಂತ ಹೇಳುವುದಿಲ್ಲ. ಟೋಗಾಫ್ 1995ರಲ್ಲಿ ಬಂತು, ಅಮೆರಿಕದ ರಕ್ಷಣಾ ಇಲಾಖೆಯ ಒಂದು ಚೌಕಟ್ಟನ್ನು ಇಟ್ಟುಕೊಂಡು ಓಪನ್ ಗ್ರೂಪ್ ಅನ್ನುವ ಸಂಸ್ಥೆ ಬೆಳೆಸಿದ್ದು. ಅದು ಕೆಲಸದ ಹೆಜ್ಜೆಗಳನ್ನು ಹೇಳುತ್ತದೆ, ಎ ಯಿಂದ ಎಚ್‌ವರೆಗೆ. ಎ ಅಲ್ಲಿ ಗುರಿ, ಬಿ ಬಿಸಿನೆಸ್, ಸಿ ಡೇಟಾ ಮತ್ತು ಅಪ್ಲಿಕೇಶನ್, ಡಿ ಟೆಕ್ನಾಲಜಿ. ಇ ಮತ್ತು ಎಫ್‌ನಲ್ಲಿ ಇಲ್ಲಿಂದ ಅಲ್ಲಿಗೆ ಹೋಗುವ ಯೋಜನೆ. ಜಿ ಅಂದರೆ ಕಟ್ಟುವಾಗ ಯೋಜನೆಯಂತೆ ಕಟ್ಟುತ್ತಿದ್ದಾರಾ ಅಂತ ನೋಡುವುದು. ಡೆವಲಪರ್‌ಗಳು ಇಎ ತಂಡದ ಮುಖ ನೋಡುವುದೇ ಈ ಜಿ ಬಂದಾಗ! ಅಷ್ಟರಲ್ಲಿ ಆರು ಹೆಜ್ಜೆ ಮುಗಿದಿರುತ್ತವೆ, ಯಾವ ಪ್ರಶ್ನೆ ಕೇಳಿದರೂ "ಅದು ಆಗಲೇ ತೀರ್ಮಾನ ಆಗಿದೆ" ಅನ್ನುತ್ತಾರೆ. ಜಗಳ ಹುಟ್ಟುವುದು ಅಲ್ಲೇ. ಬಿ, ಸಿ ನಡೆಯುವಾಗಲೇ ಒಬ್ಬ ಸೀನಿಯರ್ ಡೆವಲಪರ್‌ನನ್ನು ಒಳಗೆ ಕೂರಿಸಿಕೊಂಡ ಕಡೆ ಇಷ್ಟು ಒದ್ದಾಟ ಇರುವುದಿಲ್ಲ.

ನಮ್ಮ ದೇಶದಲ್ಲಿ ಸರ್ಕಾರಿ ಕೆಲಸಕ್ಕೆ ಅಂತ ಕೇಂದ್ರದ ಐಟಿ ಸಚಿವಾಲಯದ ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಚೌಕಟ್ಟು ಕೂಡ 2018ರಿಂದ ಇದೆ. ಸರ್ಕಾರಿ ಪ್ರಾಜೆಕ್ಟ್‌ನಲ್ಲಿದ್ದರೆ ತಿರುವಿ ಹಾಕು.

ಈಗ ನೀನು ಮಾಡಬೇಕಾದ್ದು ಬೇರೆ. ನಿನ್ನ ಅಪ್ಲಿಕೇಶನ್‌ಗೆ ಯಾರು ಯಾರು ಡೇಟಾ ಕೊಡುತ್ತಾರೆ, ನಿನ್ನಿಂದ ಯಾರು ತಗೊಳ್ಳುತ್ತಾರೆ, ಒಂದು ಕಾಗದದ ಮೇಲೆ ಬರೆ. ಮುಕ್ಕಾಲು ಪಾಲು ಜನಕ್ಕೆ ತಮ್ಮ ಡೇಟಾ ತಗೊಳ್ಳುವವರು ಯಾರು ಅಂತಲೇ ಗೊತ್ತಿರುವುದಿಲ್ಲ.

---

ಕೋಡುಬಳೆ_ಕೋಡರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬೋರ್ಡ್‌ನಲ್ಲಿ ಇದ್ದ ಒಬ್ಬರನ್ನು ಕಾಫಿಗೆ ಕರೆದು ನೇರವಾಗಿ ಕೇಳಿದೆ. ಹಳೇ ಮಾನಿಟರ್ ಸರ್ ಹೇಳಿದ್ದೇ ನಿಜ, ಮೊಂಗೋಡಿಬಿ ಅವರಿಗೆ ತಲೆನೋವೇ ಅಲ್ಲ. ಗ್ರಾಹಕರ ವಿವರಕ್ಕೆ ಕಸ್ಟಮರ್ ಮಾಸ್ಟರ್ ಅಂತ ಒಂದು ಸಿಸ್ಟಮ್ ಇದೆಯಂತೆ, ಅಲ್ಲಿಂದ ತಗೊಳ್ಳಿ ಅಂದರು.

ತೊಂದರೆ ಈಗ ಶುರು. ಆ ಕಸ್ಟಮರ್ ಮಾಸ್ಟರ್‌ಗೆ ಎಪಿಐ ಇಲ್ಲ. ದಿನಾ ರಾತ್ರಿ ಒಂದು ಫೈಲ್ ಬಿಡುತ್ತದೆ, ಅಷ್ಟೇ. ಎಪಿಐ ಮಾಡಿಕೊಡಿ ಅಂದರೆ ಆ ತಂಡಕ್ಕೆ ಮುಂದಿನ ಹಣಕಾಸು ವರ್ಷದವರೆಗೆ ಬಿಡುವಿಲ್ಲ. ಫೈಲ್ ತಗೊಂಡು ಇಟ್ಟುಕೊಂಡರೆ ಅದೂ ಕಾಪಿಯೇ ಅಲ್ವಾ? ನಾವು ಮೊದಲು ಕೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

---

ಹಳೇ_ಮಾನಿಟರ್:

ವ್ಯತ್ಯಾಸ ಇದೆ. ಮೊದಲು ನೀವು ಕೇಳಿದ್ದು ನಿಮ್ಮದೇ ಪ್ರತಿ, ಅದನ್ನು ಯಾರು ತಿದ್ದುತ್ತಾರೆ, ಎಷ್ಟು ಹಳೆಯದು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಈಗ ಇಡುವುದು ಓದುವುದಕ್ಕೆ ಮಾತ್ರ ಇರುವ ಪ್ರತಿ. ಮೂಲ ಕಸ್ಟಮರ್ ಮಾಸ್ಟರ್, ಹೆಚ್ಚೆಂದರೆ ಒಂದು ದಿನ ಹಳೆಯದು, ನಿಮ್ಮ ಸರ್ವಿಸ್ ಅದನ್ನು ತಿದ್ದುವುದಿಲ್ಲ.

ಬೋರ್ಡ್‌ಗೆ ಮತ್ತೆ ಹೋಗುವಾಗ ಸ್ಲೈಡ್ ಬೇಡ, ಒಂದು ಪುಟ ಬರೆಯಿರಿ. ಕ್ಲೇಮ್ ಸ್ಥಿತಿಗೆ ಮಾಲೀಕ ಕ್ಲೇಮ್ ಸಿಸ್ಟಮ್, ಗ್ರಾಹಕರ ವಿವರಕ್ಕೆ ಮಾಲೀಕ ಕಸ್ಟಮರ್ ಮಾಸ್ಟರ್, ನಮ್ಮ ಸರ್ವಿಸ್ ಯಾವುದಕ್ಕೂ ಮಾಲೀಕ ಅಲ್ಲ. ಇದು ಮೊದಲ ಸಾಲು. ಆಮೇಲೆ ಹೆಸರು ಮಾತ್ರ ರಾತ್ರಿ ಫೈಲ್‌ನಿಂದ ಇಟ್ಟುಕೊಳ್ಳುತ್ತೇವೆ, ಫೋನ್ ನಂಬರ್ ಇಟ್ಟುಕೊಳ್ಳುವುದಿಲ್ಲ ಅಂತ ಬರೆಯಿರಿ. ಎಸ್ಸೆಮ್ಮೆಸ್ ಕಳಿಸುವ ಕೆಲಸ ಈಗಾಗಲೇ ಯಾವುದೋ ನೋಟಿಫಿಕೇಶನ್ ಸರ್ವಿಸ್ ಮಾಡುತ್ತಿರುತ್ತದೆ, ಅದಕ್ಕೆ ಗ್ರಾಹಕರ ಐಡಿ ಕೊಟ್ಟರೆ ಸಾಕು, ವಿಚಾರಿಸಿ ನೋಡಿ. ಗ್ರಾಹಕರು ಅಳಿಸಿ ಅಂದರೆ ಮರುದಿನದ ಫೈಲ್‌ನಲ್ಲಿ ಅವರು ಇರುವುದಿಲ್ಲ, ನಮ್ಮಲ್ಲೂ ಹೋಗುತ್ತಾರೆ. ಫೈಲ್‌ನಲ್ಲಿ ಇಲ್ಲದವರನ್ನು ಅಳಿಸುವ ಕೋಡ್ ಬರೆಯಲು ಮರೆಯಬೇಡಿ, ಎಲ್ಲರೂ ಹೊಸದನ್ನು ಸೇರಿಸುತ್ತಾರೆ, ಹೋದವರನ್ನು ತೆಗೆಯುವುದಿಲ್ಲ.

ಕೊನೆಗೆ, ಎಪಿಐ ಇಲ್ಲದ್ದು ನಿಮ್ಮ ತಪ್ಪಲ್ಲ. ಅದನ್ನು ಬೋರ್ಡ್ ಲೆಕ್ಕಕ್ಕೇ ಬರೆಸಿ. "ಕಸ್ಟಮರ್ ಮಾಸ್ಟರ್‌ಗೆ ಎಪಿಐ ಬರುವವರೆಗೆ ಈ ವಿನಾಯಿತಿ, ಜವಾಬ್ದಾರಿ ಇಂಥ ತಂಡದ್ದು, ಮತ್ತೆ ನೋಡುವ ದಿನ ಇಂಥದ್ದು." ನಿಮ್ಮ ಹಾಗೇ ಇನ್ನೂ ನಾಲ್ಕು ತಂಡ ಅದೇ ಫೈಲ್ ತಗೊಳ್ಳುತ್ತಿರಬಹುದು. ಅದು ಅವರ ಪಟ್ಟಿಯಲ್ಲಿ ಕಂಡರೆ ಆ ಎಪಿಐಗೆ ದುಡ್ಡು ಕೇಳುವುದಕ್ಕೆ ಅವರಿಗೇ ಆಧಾರ ಸಿಗುತ್ತದೆ.

---

ಬೆಣ್ಣೆದೋಸೆ_ಬಗ್:

ಇದನ್ನು ಒಪ್ಪುತ್ತೇನೆ. ಮತ್ತೆ ನೋಡುವ ದಿನದ ಜಾಗ ಖಾಲಿ ಬಿಡಲು ಮಾತ್ರ ಬಿಡಬೇಡಿ, ಕೋಡುಬಳೆ. ನಾನು ನೋಡಿದ "ತಾತ್ಕಾಲಿಕ" ಫೈಲ್‌ಗಳಲ್ಲಿ ಒಂದು ಇನ್ನೂ ಎಫ್‌ಟಿಪಿಯಲ್ಲೇ (ಫೈಲ್ ಕಳಿಸುವ ಹಳೇ ವಿಧಾನ) ಬರುತ್ತಿದೆ, ಬರೆದವರು ರಿಟೈರ್ ಆಗಿದ್ದಾರೆ. ಬೋರ್ಡ್ ಏನಂತು ಅಂತ ಇಲ್ಲೇ ಹಾಕಿ.